ತಪ್ಪು ಉತ್ತರವೂ ಮಾತಾಡುತ್ತದೆ: ಮಕ್ಕಳ ಗಣಿತದ ಆಟ ಮತ್ತು ಡೇಟಾ

ಸಾಫ್ಟ್‌ವೇರ್ ಕೆಲಸದಲ್ಲಿ ದಿನವಿಡೀ ಡೇಟಾ ನೋಡುವವಳು ನಾನು. ಇಂದು ಮಾತಾಡುವುದು ಮಕ್ಕಳ ಗಣಿತದ ಆಟಗಳಲ್ಲಿ ಸೇರುವ ಡೇಟಾದ ಬಗ್ಗೆ.

ಮಗು ಮೊಬೈಲಿನಲ್ಲಿ ಲೆಕ್ಕದ ಆಟ ಮುಗಿಸಿದಾಗ ನಾವು ಕೇಳುವುದು ಒಂದೇ: "ಎಷ್ಟು ಸ್ಟಾರ್ ಬಂತು?" ಆದರೆ ಚೆನ್ನಾಗಿ ರೂಪಿಸಿದ ಆಟದಲ್ಲಿ ಇನ್ನೂ ಎಷ್ಟೋ ದಾಖಲಾಗಿರುತ್ತದೆ: ಯಾವ ಪ್ರಶ್ನೆಗೆ ಯಾವ ಉತ್ತರ, ಎಷ್ಟು ಸೆಕೆಂಡು, ಎಷ್ಟು ಪ್ರಯತ್ನ, ಸುಳಿವು ಕೇಳಿತೋ ಇಲ್ಲವೋ.

52ರಲ್ಲಿ 38 ಕಳೆದರೆ 14. ಒಂದು ಮಗು 26 ಎಂದಿತು ಅನ್ನಿ. ಅದು ಬಾಯಿಗೆ ಬಂದ ಉತ್ತರವಲ್ಲ. 8ರಲ್ಲಿ 2, 5ರಲ್ಲಿ 3 ಎಂದು ಎಲ್ಲ ಕಡೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. ಇಂಥ ತಪ್ಪುಗಳಿಗೂ ಒಂದು ನಿಯಮವಿರುತ್ತದೆ ಎಂದು ಅಮೆರಿಕದ ಜಾನ್ ಸೀಲಿ ಬ್ರೌನ್, ರಿಚರ್ಡ್ ಬರ್ಟನ್ 1978ರಲ್ಲೇ ತೋರಿಸಿದರು. ಅವರ 'ಬಗ್ಗಿ' ಎಂಬ ಕಂಪ್ಯೂಟರ್ ಆಟದಲ್ಲಿ ಆ ನಿಯಮವನ್ನು ಪತ್ತೆಹಚ್ಚುವುದೇ ಶಿಕ್ಷಕರ ಕೆಲಸ.

ನಾಸಿಕ, ಛತ್ರಪತಿ ಸಂಭಾಜಿನಗರದ ನಮ್ಮ ಕನ್ನಡ ಮನೆಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ಮನೆಯಲ್ಲಿ 'ಇಪ್ಪತ್ತೈದು', ಮರಾಠಿ ಶಾಲೆಯಲ್ಲಿ 'ಪಂಚವೀಸ್'. ನಮ್ಮಲ್ಲಿ ಹತ್ತು ಮೊದಲು, ಅಲ್ಲಿ ಬಿಡಿ ಮೊದಲು. ಕೇಳಿದ ಕ್ರಮದಲ್ಲೇ ಬರೆದರೆ 25 ಹೋಗಿ 52 ಆಗುತ್ತದೆ. 2019ರಲ್ಲಿ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 'ವೀಸ್ ಪಾಚ್' ಎನ್ನುವ ಕ್ರಮ ಬಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಗಣಿತ ಸಮಿತಿಯ ಮುಖ್ಯಸ್ಥೆ ಮಂಗಲಾ ನಾರ್ಳೀಕರ್, ಮಕ್ಕಳಿಗೆ ಸುಲಭವಾಗಲೆಂದೇ ಇದು ಎಂದು ಸಮರ್ಥಿಸಿಕೊಂಡರು.

ಆದ್ದರಿಂದ ಕೇಳಿ ಬರೆಯುವ ಪ್ರಶ್ನೆಗಳಲ್ಲಿ ಮಾತ್ರ 25ಕ್ಕೆ 52, 36ಕ್ಕೆ 63 ಎಂದು ಪದೇಪದೇ ಕಂಡರೆ, "ಇವಳಿಗೆ ಗಣಿತ ಬರೋದಿಲ್ಲ" ಎಂದುಬಿಡಬೇಡಿ. ಅವಳಿಗೆ ಲೆಕ್ಕ ಗೊತ್ತು. ತೊಡಕಿರುವುದು ಸಂಖ್ಯೆಯ ಹೆಸರಿನಲ್ಲಿ. ಹತ್ತು ಕಡ್ಡಿಗಳ ಎರಡು ಕಟ್ಟು, ಐದು ಬಿಡಿ ಕಡ್ಡಿ ಇಟ್ಟು ಎರಡೂ ಭಾಷೆಯಲ್ಲಿ ಹೇಳಿಸಿ. ಸ್ಟಾರ್ ಮಾತ್ರ ನೋಡಿದರೆ ಈ ಮಗುವಿಗೂ ಕಳೆಯುವುದು ಬಾರದ ಮಗುವಿಗೂ ಒಂದೇ ಮದ್ದು ಕೊಟ್ಟಂತಾಗುತ್ತದೆ.

ಹಾಗೆಂದು ಡೇಟಾ ಎಲ್ಲವನ್ನೂ ಹೇಳುವುದಿಲ್ಲ. ಎರಡೇ ಸೆಕೆಂಡಿನ ತಪ್ಪು ಉತ್ತರದ ಹಿಂದೆ ಹಸಿವಿರಬಹುದು, ನಿದ್ದೆಯಿರಬಹುದು, ಫೋನ್ ಕಸಿದ ತಮ್ಮನಿರಬಹುದು. ಒಂದು ದಿನದ ಅಂಕಿ ನೋಡಿ ತೀರ್ಮಾನ ಬೇಡ. ಅಕ್ಕ-ತಂಗಿಯರ ಹೋಲಿಕೆಯಂತೂ ಬೇಡವೇ ಬೇಡ. "ಹೇಗೆ ಮಾಡಿದೆ ಪುಟ್ಟಾ, ಹೇಳು" ಎಂದು ಕೇಳಿ.

ಕೊನೆಯದಾಗಿ, ಆ್ಯಪ್ ಹಾಕಿಕೊಳ್ಳುವಾಗ 'ಒಪ್ಪಿಗೆ' ಒತ್ತುವ ಮುನ್ನ ಓದಿ. ದೇಶದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆಯೇ ಆಧಾರ. ಲೆಕ್ಕದ ಆಟಕ್ಕೆ ನಮ್ಮ ಫೋನಿನ ಕಾಂಟ್ಯಾಕ್ಟ್ಸ್ ಏಕೆ ಬೇಕು ಎಂದು ಕೇಳುವ ಹಕ್ಕು ತಾಯಂದಿರಾದ ನಮಗಿದೆ.

ಈ ವಾರ ಸ್ಟಾರ್ ಎಣಿಸುವುದನ್ನು ಬಿಟ್ಟು, ಮಗುವಿನ ಮೂರು ತಪ್ಪು ಉತ್ತರಗಳನ್ನು ಅದರ ಪಕ್ಕದಲ್ಲೇ ಕುಳಿತು ನೋಡಿ.