ಈ ವಿಮೆ ಯಾವುದಕ್ಕೆ?



ಬೀಡಿ ಕಟ್ಟುವುದನ್ನು ಬದಿಗಿಟ್ಟು, ಹಟ್ಟಿಯ ಕೆಲಸ ಮುಗಿಸಿ ನೀವು ಇಲ್ಲಿಗೆ ಬಂದಿದ್ದೀರಿ. ಇವತ್ತು ನಾನು ಒಂದು ಕಾಗದದ ವಿಷಯ ಮಾತಾಡ್ತೇನೆ. ಅದು ಮನೆಯ ವಿಮೆಯ ಕಾಗದ.

ಮೊದಲು ಒಬ್ಬ ಅಕ್ಕನ ಕತೆ ಕೇಳಿ. ಅವರ ಊರು ಬೇಡ, ಹೆಸರು ಬೇಡ. ಸಾಲ ಮಾಡಿ ಕೆಂಪು ಕಲ್ಲಿನ ಮನೆ ಕಟ್ಟಿಸಿದರು. ಸಾಲ ಕೊಡುವಾಗ ವಿಮೆ ಎಂದು ಸ್ವಲ್ಪ ಹಣ ಹಿಡಿದುಕೊಂಡರು. ಅಕ್ಕ ಹೆಬ್ಬೆಟ್ಟು ಒತ್ತಿದರು. ಕಾಗದವನ್ನು ಪೆಟ್ಟಿಗೆಯಲ್ಲಿ ಇಟ್ಟರು. ಮನೆಗೆ ವಿಮೆ ಆಯ್ತು ಅಂತ ಧೈರ್ಯ.

ಒಂದು ಮಳೆಗಾಲ ದೊಡ್ಡ ಗಾಳಿ ಬಂತು. ಹಲಸಿನ ಮರ ಮಾಡಿನ ಮೇಲೆ ಬಿತ್ತು. ಹಂಚು, ಪಕ್ಕಾಸು ಎಲ್ಲ ಪುಡಿ ಪುಡಿ. ಅಕ್ಕ ಕಾಗದ ಹಿಡಿದುಕೊಂಡು ಓಡಿದರು. ಅಲ್ಲಿಯವರು ಓದಿ ಹೇಳಿದರು, "ಅಮ್ಮ, ಇದು ಮನೆಯ ವಿಮೆ ಅಲ್ಲ. ನಿಮ್ಮ ಗಂಡನ ಜೀವದ ವಿಮೆ."

ಆ ಕಾಗದ ಸುಳ್ಳಲ್ಲ. ಆದರೆ ಅದು ಬೇರೆಯದೇ ವಿಮೆ. ಓದಲು ಬರುತ್ತಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು, ಅಲ್ವಾ?

ಈಗ ನಿಮಗೆ ಓದಲು ಬರ್ತದೆ. ಹಾಗಾಗಿ ವಿಮೆಯ ಕಾಗದ ಕೈಗೆ ಬಂದಾಗ ಐದು ಪ್ರಶ್ನೆ ಕೇಳಿ. ಯಾವುದಕ್ಕೆ? ಯಾವುದರಿಂದ? ಎಷ್ಟಕ್ಕೆ? ಎಷ್ಟು ದಿನಕ್ಕೆ? ಯಾರ ಹೆಸರಿಗೆ?

ವಿಮೆ ಅಂದರೆ ಎಂತ? ಸಾವಿರ ಮನೆಯವರು ಸ್ವಲ್ಪ ಸ್ವಲ್ಪ ಕಂತು ಕಟ್ಟುತ್ತಾರೆ. ಒಂದು ಮನೆ ಬಿದ್ದರೆ ಆ ಹಣದಿಂದ ಕೊಡುತ್ತಾರೆ. ಇದು ಸಂಘದ ಉಳಿತಾಯ ಅಲ್ಲ. ಏನೂ ಆಗದಿದ್ದರೆ ಕಂತಿನ ಹಣ ಹಿಂದೆ ಬರುವುದಿಲ್ಲ. ಇದನ್ನು ಮೊದಲೇ ತಿಳಿದಿರಬೇಕು.

ಒಂದನೆಯ ಪ್ರಶ್ನೆ: ಯಾವುದಕ್ಕೆ?

ನಿಮ್ಮ ಪಾಸ್‌ಬುಕ್ ತೆಗೆದು ನೋಡಿ. ವರ್ಷಕ್ಕೊಮ್ಮೆ 20 ರೂಪಾಯಿ ಕಡಿತ ಆಗಿರಬಹುದು. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಪಘಾತಕ್ಕೆ. 436 ರೂಪಾಯಿ ಕಡಿತ ಆಗಿದ್ದರೆ ಅದು ಜೀವನ ಜ್ಯೋತಿ, ಜೀವಕ್ಕೆ. ಎಲ್‌ಐಸಿ ಕೂಡ ಜೀವಕ್ಕೆ. ಅಡಿಕೆ ಬೆಳೆಯ ವಿಮೆ ಬೇರೆ. ದನದ ವಿಮೆಯೂ ಬೇರೆ. ಇವೆಲ್ಲ ಒಳ್ಳೆಯದೇ. ಆದರೆ ಮನೆ ಬಿದ್ದರೆ ಇವುಗಳಿಂದ ಒಂದು ಹಂಚೂ ಬರುವುದಿಲ್ಲ.

ಮನೆಗೆಂದೇ ಒಂದು ಪಾಲಿಸಿ ಉಂಟು. ಹೆಸರು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ ಬಂದಿದೆ. ಬೆಂಕಿ ವಿಮೆ ಮಾಡುವ ಎಲ್ಲ ಕಂಪೆನಿಗಳೂ ಇದನ್ನು ಕೊಡಬೇಕು. ನಿಯಮ ಎಲ್ಲ ಕಡೆ ಒಂದೇ. ಕಂತು ಮಾತ್ರ ಹೆಚ್ಚು ಕಡಿಮೆ ಇರ್ತದೆ. ಅದಕ್ಕೆ ಎರಡು ಮೂರು ಕಡೆ ಕೇಳಿ ನೋಡಿ.

ಎರಡನೆಯ ಪ್ರಶ್ನೆ: ಯಾವುದರಿಂದ?

ನಮ್ಮ ಕಡೆ ಮನೆಗೆ ಬರುವ ಕಷ್ಟ ಯಾವುದು ಎಂದು ನಿಮಗೇ ಗೊತ್ತು. 1974ರಲ್ಲಿ ನೇತ್ರಾವತಿಯ ನೆರೆ ಬಂಟ್ವಾಳ ಪೇಟೆಗೆ ನುಗ್ಗಿದ್ದನ್ನು ಹಿರಿಯರು ಈಗಲೂ ಹೇಳ್ತಾರೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗುಡ್ಡ ಜರಿಯಿತು. ಚಾರ್ಮಾಡಿ, ದಿಡುಪೆ ಕಡೆ ನೀರು, ಮಣ್ಣು, ಮರ ಒಟ್ಟಿಗೇ ಬಂತು. ಮೂಡುಬಿದಿರೆ ಕಡೆ ಮಳೆಗಾಲದ ಗಾಳಿಗೆ ಮಾಡಿನ ಮೇಲೆ ತೆಂಗು ಬೀಳುವುದು, ಸಿಡಿಲು ಬಡಿಯುವುದು ಹೊಸತಲ್ಲ.

ಗೃಹ ರಕ್ಷಾ ಪಾಲಿಸಿಯಲ್ಲಿ ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಗುಡ್ಡ ಜರಿಯುವುದು, ಮರ ಬೀಳುವುದು, ಗ್ಯಾಸ್ ಸ್ಫೋಟ ಇವೆಲ್ಲ ಸೇರಿವೆ.

ಸೇರದೇ ಇರುವುದೂ ಉಂಟು. ಹಳೆಯ ಗೋಡೆ ಸವೆದು ತಾನಾಗಿ ಬಿದ್ದರೆ ಇಲ್ಲ. ಕೆಲಸ ಸರಿ ಮಾಡದೆ ಗೋಡೆ ಬಿರುಕು ಬಿಟ್ಟರೆ ಇಲ್ಲ. ಬೀಗ ಒಡೆದು ಕಳ್ಳತನ ಆದರೂ ಇದರಲ್ಲಿ ಇಲ್ಲ. ನೆರೆ, ಬೆಂಕಿ ಆದ ಮೇಲೆ 7 ದಿನದ ಒಳಗೆ, ಅದೇ ಗಡಿಬಿಡಿಯಲ್ಲಿ ಕಳವಾದರೆ ಮಾತ್ರ ಉಂಟು. ಕಳ್ಳತನದ ಹೆದರಿಕೆ ಇದ್ದವರು ಅದಕ್ಕೆ ಬೇರೆ ಪಾಲಿಸಿ ಕೇಳಬೇಕು. ಚಿನ್ನವನ್ನು ಬೇರೆಯಾಗಿ ಬರೆಸಬೇಕು.

ಮೂರನೆಯ ಪ್ರಶ್ನೆ: ಎಷ್ಟಕ್ಕೆ?

ಜಾಗದ ಬೆಲೆ ಇಲ್ಲಿ ಲೆಕ್ಕಕ್ಕಿಲ್ಲ. ಇದೇ ಮನೆಯನ್ನು ಈಗ ಪುನಃ ಕಟ್ಟಲು ಎಷ್ಟು ಬೇಕು, ಅದೇ ಲೆಕ್ಕ. ನಮ್ಮ ಮನೆಯ ಒಳಗಿನ ನೆಲ 600 ಚದರ ಅಡಿ ಎಂದು ಇಟ್ಟುಕೊಳ್ಳಿ. ಮೇಸ್ತ್ರಿ ಚದರ ಅಡಿಗೆ 1,500 ರೂಪಾಯಿ ಹೇಳಿದರೆ ಒಟ್ಟು 9 ಲಕ್ಷ. ಅಷ್ಟಕ್ಕೆ ಬರೆಸಿ. ಕಂತು ಉಳಿಸಲು 3 ಲಕ್ಷಕ್ಕೆ ಬರೆಸಿದರೆ, ಮನೆ ಪೂರ್ತಿ ಹೋದ ದಿನ 3 ಲಕ್ಷಕ್ಕಿಂತ ಹೆಚ್ಚು ಕೇಳಲು ಆಗುವುದಿಲ್ಲ.

ಮನೆಗೆ ಬರೆಸಿದರೆ ಒಳಗಿನ ಸಾಮಾನಿಗೂ ತಾನಾಗಿ ನೂರಕ್ಕೆ 20ರಷ್ಟು ಸೇರ್ತದೆ. 9 ಲಕ್ಷಕ್ಕೆ 1,80,000 ರೂಪಾಯಿ. ಇದು 10 ಲಕ್ಷ ದಾಟುವುದಿಲ್ಲ. ಬಾಡಿಗೆ ಮನೆಯವರು ಸಾಮಾನಿಗೆ ಮಾತ್ರ ವಿಮೆ ಮಾಡಿಸಬಹುದು.

ಮಾಡು ಮುಳಿಯದ್ದೋ, ಮಡಲಿನದ್ದೋ, ಟರ್ಪಾಲಿನದ್ದೋ ಆಗಿದ್ದರೆ ಮೊದಲೇ ಹೇಳಿ, ಬರೆಸಿ. ಮುಚ್ಚಿಟ್ಟರೆ ಹಣ ಕೊಡುವಾಗ ತಕರಾರು ಬರ್ತದೆ.

ನಾಲ್ಕನೆಯ ಪ್ರಶ್ನೆ: ಎಷ್ಟು ದಿನಕ್ಕೆ?

ಒಂದು ವರ್ಷಕ್ಕೂ ಮಾಡಿಸಬಹುದು, 10 ವರ್ಷದವರೆಗೂ ಮಾಡಿಸಬಹುದು. ಮುಗಿಯುವ ತಾರೀಕು ಕಾಗದದಲ್ಲಿ ಇರ್ತದೆ. ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ದಿನ ದಾಟಿದರೂ ವಿಮೆ ಇಲ್ಲ.

ಐದನೆಯ ಪ್ರಶ್ನೆ: ಯಾರ ಹೆಸರಿಗೆ?

ಮನೆ ಯಾರದ್ದೋ ಅವರ ಹೆಸರಿನಲ್ಲಿ ವಿಮೆ ಇರಬೇಕು. ಎಷ್ಟೋ ಮನೆಯ ತೆರಿಗೆ ರಶೀದಿಯಲ್ಲಿ ತೀರಿಹೋದ ಮಾವನ ಹೆಸರೇ ಇನ್ನೂ ಉಂಟು. ಮೊದಲು ಪಂಚಾಯತಿಗೆ ಹೋಗಿ ಅದನ್ನು ಸರಿ ಮಾಡಿಸಿ. ಮನೆ ನಿಮ್ಮ ಹೆಸರಿನಲ್ಲಿದ್ದರೆ ವಿಮೆಯೂ ನಿಮ್ಮ ಹೆಸರಿನಲ್ಲೇ ಇರಲಿ.

ಕಾಗದ ಇಂಗ್ಲಿಷಿನಲ್ಲಿ ಇದ್ದರೆ ಹೆದರಬೇಡಿ. ಅಂಕೆ ನಿಮಗೆ ಗೊತ್ತುಂಟು. ಮನೆ ನಂಬ್ರ, ಹಣ, ಶುರುವಾಗುವ ತಾರೀಕು, ಮುಗಿಯುವ ತಾರೀಕು, ನಾಲ್ಕನ್ನೂ ಬೆರಳಿಟ್ಟು ನೋಡಿ. ಉಳಿದದ್ದನ್ನು ಕನ್ನಡದಲ್ಲಿ ಹೇಳಿ ಎಂದು ಕೇಳಿ. ಹೇಳುವವರೆಗೆ ಸಹಿ ಹಾಕಬೇಡಿ.

ಇನ್ನು, ನಷ್ಟ ಆದ ದಿನ ಎಂತ ಮಾಡಬೇಕು? ಮೊದಲು ಜೀವ ಉಳಿಸಿಕೊಳ್ಳಿ. ಮತ್ತೆ ಕಂಪೆನಿಗೆ ಕೂಡಲೇ ತಿಳಿಸಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕಂಪೆನಿಯ ಸರ್ವೇಯರ್ ಬಂದು ನೋಡುವ ಮೊದಲು ಎಲ್ಲ ಗುಡಿಸಿ ಬಿಸಾಡಬೇಡಿ. ಪಂಚಾಯತಿಗೂ, ಗ್ರಾಮ ಆಡಳಿತಾಧಿಕಾರಿಗೂ ಹೇಳಿ. ಕಂಪೆನಿ ಸರಿಯಾಗಿ ನೋಡದಿದ್ದರೆ 155255ಕ್ಕೆ ಫೋನ್ ಮಾಡಬಹುದು. ಬೆಂಗಳೂರಿನಲ್ಲಿ ವಿಮಾ ಲೋಕಪಾಲರು ಇದ್ದಾರೆ. ಅಲ್ಲಿ ದೂರು ಕೊಡಲು ಖರ್ಚಿಲ್ಲ.

"ಸರ್ಕಾರ ಪರಿಹಾರ ಕೊಡ್ತದಲ್ಲ, ಮತ್ತೆ ವಿಮೆ ಯಾಕೆ?" ಎಂದು ಕೆಲವರು ಕೇಳ್ತೀರಿ. ಪರಿಹಾರಕ್ಕೆ ಅರ್ಜಿ ಖಂಡಿತ ಹಾಕಿ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಆದರೆ ಪ್ರತಿ ವರ್ಷವೂ ಅಷ್ಟೇ ಸಿಗ್ತದೆ ಎಂದಿಲ್ಲ. ಪರಿಹಾರ ಅವರು ಕೊಟ್ಟಷ್ಟು. ವಿಮೆ ನಾವು ಬರೆಸಿಕೊಂಡ ಲೆಕ್ಕದ್ದು.

ಪತ್ತನಾಜೆ ಬರುವ ಮೊದಲು ನಾವು ಸೌದೆ ಒಳಗೆ ತರ್ತೇವೆ, ಮಾಡಿನ ಹಂಚು ಸರಿ ಮಾಡಿಸ್ತೇವೆ. ವಿಮೆಯೂ ಅದೇ ಹೊತ್ತಿನ ಕೆಲಸ. ಹೊಳೆ ಅಂಗಳಕ್ಕೆ ಬಂದ ಮೇಲೆ ಯಾರೂ ವಿಮೆ ಮಾಡಿ ಕೊಡುವುದಿಲ್ಲ.

ಇವತ್ತು ಮನೆಗೆ ಹೋಗಿ ಪೆಟ್ಟಿಗೆ ತೆರೆಯಿರಿ. ಒಳಗಿರುವ ವಿಮೆಯ ಕಾಗದ ಹೊರಗೆ ತೆಗೆಯಿರಿ. ಅದು ಯಾವುದಕ್ಕೆ ಎಂದು ನೀವೇ ಓದಿ ನೋಡಿ. ಮುಂದಿನ ವಾರ ಬರುವಾಗ ಇಲ್ಲಿಗೆ ತನ್ನಿ. ಎಲ್ಲರೂ ಕೂತು ಒಟ್ಟಿಗೆ ಓದುವ.