ಸೋಡಿಯಂ ಪಂಪು ಮತ್ತು ಅದರ ಸಂಗಾತಿಗಳು



ಬೆವರಿನ ರುಚಿ ಉಪ್ಪು, ಕಣ್ಣೀರಿನ ರುಚಿ ಉಪ್ಪು, ರಕ್ತದ್ದೂ ಅಷ್ಟೆ. ನಮ್ಮ ಜೀವಕೋಶಗಳೆಲ್ಲ ಒಂದು ಬಗೆಯ ಉಪ್ಪುನೀರಿನಲ್ಲೇ ಮುಳುಗಿವೆ. ಆದರೆ ಜೀವಕೋಶದ ಒಳಗೆ ಲೆಕ್ಕವೇ ಬೇರೆ. ಸೋಡಿಯಂ ಒಳಗಿಗಿಂತ ಹೊರಗೆ ಸುಮಾರು ಹತ್ತು ಪಟ್ಟು ಹೆಚ್ಚು. ಪೊಟ್ಯಾಸಿಯಂ ಹೊರಗಿಗಿಂತ ಒಳಗೆ ಸುಮಾರು ಮೂವತ್ತು ಪಟ್ಟು ಹೆಚ್ಚು. ಸೋಡಿಯಂ ಒಳಕ್ಕೆ, ಪೊಟ್ಯಾಸಿಯಂ ಹೊರಕ್ಕೆ ಸದಾ ಸೋರುತ್ತಲೇ ಇದ್ದರೂ ಈ ವ್ಯತ್ಯಾಸ ಅಳಿಯುವುದಿಲ್ಲ. ಏಕೆ? ಸೋರಿದ್ದನ್ನು ಮರಳಿ ಎತ್ತಿಹಾಕುವ ಯಂತ್ರವೊಂದು ಕೋಶಪೊರೆಯಲ್ಲಿದೆ. ಅದೇ ಸೋಡಿಯಂ ಪಂಪು. ನಾವು ಸುಮ್ಮನೆ ಕುಳಿತಿರುವಾಗಲೂ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಇದಕ್ಕೇ ಹೋಗುತ್ತದೆ. ನರಗಳಲ್ಲಿ ಸಂದೇಶ ಹರಿಯುವುದಕ್ಕೂ ಹೃದಯ ಮಿಡಿಯುವುದಕ್ಕೂ ಈ ವ್ಯತ್ಯಾಸವೇ ಬಂಡವಾಳ.

1957ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಯೆನ್ಸ್ ಸ್ಕೌ ಎಂಬ ವಿಜ್ಞಾನಿ ಏಡಿಯ ಕಾಲಿನ ನರಗಳಲ್ಲಿ ಒಂದು ಕಿಣ್ವವನ್ನು ಗುರುತಿಸಿದರು. ಕೋಶದ ಇಂಧನವಾದ ಎಟಿಪಿಯನ್ನು ಒಡೆಯುವ ಆ ಕಿಣ್ವ, ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡೂ ಇದ್ದಾಗ ಚುರುಕಾಗುತ್ತಿತ್ತು. ಅದೇ ಈ ಪಂಪು. 1997ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಅವರಿಗೆ ಸಂದಿತು.

ಈಗ ಯಂತ್ರದ ರಚನೆಯನ್ನು ನೋಡೋಣ. ಮುಖ್ಯ ಭಾಗದ ಹೆಸರು ಆಲ್ಫಾ ಘಟಕ. ಸುಮಾರು ಒಂದು ಸಾವಿರ ಅಮೈನೊ ಆಮ್ಲಗಳ ಈ ಸರಪಣಿ, ಬಟ್ಟೆಯಲ್ಲಿ ಹೊಲಿಗೆಯ ದಾರ ಹಾದುಹೋಗುವಂತೆ, ಪೊರೆಯನ್ನು ಹತ್ತು ಸಲ ದಾಟುತ್ತದೆ. ಅಯಾನುಗಳು ಕೂರುವ ಜಾಗ ಈ ಸುರುಳಿಗಳ ನಡುವೆ ಇದೆ. ಕೋಶದ ಒಳಬದಿಗೆ ಮೂರು ಗಂಟುಗಳು ಚಾಚಿಕೊಂಡಿವೆ. ಒಂದು ಎಟಿಪಿಯನ್ನು ಹಿಡಿಯುತ್ತದೆ; ಇನ್ನೊಂದು ಅದರಿಂದ ಫಾಸ್ಫೇಟನ್ನು ಪಡೆಯುತ್ತದೆ; ಮೂರನೆಯದು ತಿರುಗಿ, ಆ ಚಲನೆಯನ್ನು ಸುರುಳಿಗಳಿಗೆ ಮುಟ್ಟಿಸುತ್ತದೆ. ಒಳಗಿನಿಂದ ಮೂರು ಸೋಡಿಯಂ ಅಯಾನುಗಳು ಕೂತಾಗ ಫಾಸ್ಫೇಟ್ ಅಂಟುತ್ತದೆ, ಯಂತ್ರದ ಆಕಾರ ಬದಲಾಗುತ್ತದೆ, ಬಾಯಿ ಹೊರಕ್ಕೆ ತೆರೆಯುತ್ತದೆ. ಸೋಡಿಯಂ ಹೊರಬಿದ್ದು ಎರಡು ಪೊಟ್ಯಾಸಿಯಂ ಅಯಾನುಗಳು ಬಂದು ಕೂರುತ್ತವೆ. ಫಾಸ್ಫೇಟ್ ಕಳಚುತ್ತದೆ, ಬಾಯಿ ಮತ್ತೆ ಒಳಕ್ಕೆ ತಿರುಗುತ್ತದೆ. ಲೆಕ್ಕ ಹಾಕಿ: ಪ್ರತಿ ಸುತ್ತಿಗೂ ಒಂದು ಧನ ಆವೇಶ ಹೊರಗೇ ಉಳಿಯಿತಲ್ಲವೇ?

ಇಷ್ಟನ್ನು ನೀವು ಓದಿರಬಹುದು. ಆದರೆ ಆಲ್ಫಾ ಒಂಟಿಯಾಗಿ ಬಾಳಲಾರದು. ಅದರ ಮೊದಲ ಸಂಗಾತಿ ಬೀಟಾ ಘಟಕ. ಸುಮಾರು ಮುನ್ನೂರು ಅಮೈನೊ ಆಮ್ಲಗಳ ಇದು ಪೊರೆಯನ್ನು ಒಂದೇ ಸಲ ದಾಟುತ್ತದೆ. ಇದರ ಹೆಚ್ಚಿನ ಭಾಗ ಸಕ್ಕರೆಯ ಸರಪಣಿಗಳನ್ನು ಹೊತ್ತು ಹೊರಗೆ ಇರುತ್ತದೆ. ಬೀಟಾ ಜೊತೆಗೂಡದಿದ್ದರೆ, ತಯಾರಾದ ಆಲ್ಫಾ ಸರಿಯಾಗಿ ಮಡಿಸಿಕೊಳ್ಳದೆ, ಪೊರೆಯನ್ನು ತಲುಪುವ ಮೊದಲೇ ನಾಶವಾಗುತ್ತದೆ.

ಎರಡನೆಯ ಸಂಗಾತಿ ಎಫ್‌ಎಕ್ಸ್‌ವೈಡಿ ಎಂಬ ಪುಟ್ಟ ಪ್ರೋಟೀನುಗಳ ಕುಟುಂಬ. ಮನುಷ್ಯನಲ್ಲಿ ಇವು ಏಳು. ಪಂಪಿನ ವೇಗವನ್ನು ಆಯಾ ಅಂಗದ ಅಗತ್ಯಕ್ಕೆ ಹೊಂದಿಸುವುದು ಇವುಗಳ ಕೆಲಸ. ಹೃದಯದಲ್ಲಿರುವ ಫಾಸ್ಫೊಲೆಮ್ಮಾನ್ ಸಾಮಾನ್ಯವಾಗಿ ಪಂಪಿಗೆ ಕಡಿವಾಣ ಹಾಕಿರುತ್ತದೆ. ನೀವು ಓಡಿದಾಗಲೋ ಹೆದರಿದಾಗಲೋ ಅಡ್ರಿನಲಿನ್ ಏರುತ್ತದೆ, ಕಡಿವಾಣ ಸಡಿಲವಾಗುತ್ತದೆ. ಬಡಿತ ಹೆಚ್ಚಿದಂತೆ ಒಳನುಗ್ಗುವ ಸೋಡಿಯಂ ಅನ್ನು ಪಂಪು ಬೇಗ ಬೇಗ ಹೊರಹಾಕುತ್ತದೆ.

ಈ ಜೋಡಣೆಯ ವಿವರವಾದ ಚಿತ್ರ ಸಿಗಲು ಅರ್ಧ ಶತಮಾನವೇ ಬೇಕಾಯಿತು. 2007ರಲ್ಲಿ ಹಂದಿಯ ಮೂತ್ರಪಿಂಡದ ಪಂಪು, 2009ರಲ್ಲಿ ಶಾರ್ಕ್ ಮೀನಿನ ಪಂಪು, 2022ರಲ್ಲಿ ಮನುಷ್ಯನ ಪಂಪು ಹೀಗೆ ಒಂದೊಂದಾಗಿ ಕಂಡವು. ಮನುಷ್ಯನದನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು.

ಇದರಿಂದ ನಮಗೇನು? ನಮ್ಮ ಬೇಲಿ ಬದಿಯ ಕಣಗಿಲೆಯನ್ನೇ ನೋಡಿ. ಅದರ ವಿಷ ಹೊರಬದಿಯಿಂದ ಆಲ್ಫಾ ಘಟಕದೊಳಗೆ ಸೇರಿ ಪಂಪನ್ನು ನಿಲ್ಲಿಸುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಹೃದಯದ ಬಡಿತ ತಾಳ ತಪ್ಪುತ್ತದೆ. ಯಾರಾದರೂ ಅದರ ಬೀಜವನ್ನೋ ಎಲೆಯನ್ನೋ ತಿಂದರೆ ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇದೇ ಜಾತಿಯ ಡಿಜಾಕ್ಸಿನ್ ಮಾತ್ರ ವೈದ್ಯರ ಕೈಯಲ್ಲಿ ಔಷಧ. 1785ರಲ್ಲಿ ಇಂಗ್ಲೆಂಡಿನ ವಿಲಿಯಂ ವಿದರಿಂಗ್ ವರ್ಣಿಸಿದ ಡಿಜಿಟಾಲಿಸ್ ಗಿಡಗಳ ಬಳಗದ್ದು ಅದು. ಅಳತೆಯಲ್ಲಿ ಕೊಟ್ಟಾಗ ಹೃದಯದ ಕೋಶಗಳಲ್ಲಿ ಸೋಡಿಯಂ ತುಸು ಏರುತ್ತದೆ; ಅದರಿಂದ ಕ್ಯಾಲ್ಸಿಯಂ ಹೆಚ್ಚಿ, ಸೋತ ಹೃದಯ ಬಲವಾಗಿ ಸಂಕುಚಿಸುತ್ತದೆ. ಅಳತೆ ಮೀರಿದರೆ ಅದೂ ವಿಷವೇ.

ಮನುಷ್ಯನಲ್ಲಿ ಆಲ್ಫಾ ನಾಲ್ಕು ಬಗೆ. ಮೂರನೆಯದು ಮುಖ್ಯವಾಗಿ ನರಕೋಶಗಳದ್ದು. ಹಸುಗೂಸುಗಳಲ್ಲಿ ಒಮ್ಮೆ ಎಡಭಾಗ, ಒಮ್ಮೆ ಬಲಭಾಗ ನಿತ್ರಾಣವಾಗುವ ಅಪರೂಪದ ಕಾಯಿಲೆಯೊಂದಿದೆ. ಅದರ ಹೆಚ್ಚಿನ ಪ್ರಕರಣಗಳಿಗೆ ಈ ಮೂರನೆಯ ಆಲ್ಫಾದ ವಂಶವಾಹಿಯಲ್ಲಿನ ದೋಷವೇ ಕಾರಣವೆಂದು 2012ರಲ್ಲಿ ತಿಳಿಯಿತು. ಸಾವಿರ ಮಣಿಗಳ ಸರದಲ್ಲಿ ಒಂದು ಮಣಿ ಬದಲಾದರೂ ಸಾಕು, ಮಗು ಎದ್ದು ನಿಲ್ಲಲಾರದು.

ಪಠ್ಯಪುಸ್ತಕದಲ್ಲಿ ಪೊರೆಯ ನಡುವೆ ಒಂದು ಗುಂಡು ಬರೆದು ‘ಪಂಪು’ ಎಂದು ಗುರುತಿಸಿರುತ್ತಾರೆ. ಮುಂದಿನ ಸಲ ನೀವು ಆ ಚಿತ್ರ ಬರೆಯುವಾಗ ಪಕ್ಕದಲ್ಲಿ ಇನ್ನೆರಡು ಗೆರೆ ಎಳೆಯಿರಿ: ಒಂದು ಬೀಟಾ, ಇನ್ನೊಂದು ಎಫ್‌ಎಕ್ಸ್‌ವೈಡಿ. ಒಂದು ಯಂತ್ರವನ್ನು ನೆಲೆಗೆ ತಲುಪಿಸುತ್ತದೆ, ಇನ್ನೊಂದು ಅದನ್ನು ಹದದಲ್ಲಿಡುತ್ತದೆ.