ಮನೆ ಒಪ್ಪಿಸುವ ರೀತಿ

ಮಹಾರಾಷ್ಟ್ರದ ಔರಾದ ಶಹಾಜನಿ, ನಿಲಂಗಾ, ಉಮರ್ಗಾ, ಉದಗೀರ ಕಲ್ಯಾಣದ ಚಾಲುಕ್ಯರು ಆಳಿದ ಸೀಮೆ. ಆ ಕಾಲದಲ್ಲಿ ಗುಡಿ ಕಟ್ಟಿಸಿದವರು ಆಚಾರ್ಯರ ಕಾಲು ತೊಳೆದು, ಧಾರೆ ಎರೆದು ಅದನ್ನು ಒಪ್ಪಿಸುತ್ತಿದ್ದರು. ದೀಪದೆಣ್ಣೆಗೆ, ನೈವೇದ್ಯಕ್ಕೆ, ಮುಂದೆ ಒಡೆದು ಬಿರಿದದ್ದರ ದುರಸ್ತಿಗೆ ಇಂತಿಷ್ಟು ಹೊಲವೆಂದು ಶಾಸನ ಹಾಕಿಸುತ್ತಿದ್ದರು. ಕಟ್ಟಡ ಹೊಸದಿರುವಾಗಲೇ ದುರಸ್ತಿಯನ್ನು ನೆನೆದ ಆ ವಿವೇಕಕ್ಕೆ ನಾನು ಕೈಮುಗಿಯುತ್ತೇನೆ.

ಊರಮನೆಗಳ ರೀತಿ ಬೇರೆ. ಕಲ್ಲುಮಣ್ಣಿನ ದಪ್ಪ ಗೋಡೆ, ಕಂಬ ತೊಲೆಗಳ ಮೇಲೆ ಮಣ್ಣಿನ ಮಾಳಿಗೆ. ಗೌಂಡಿ, ಬಡಿಗರ ಜೊತೆ ಮನೆಮಂದಿಯೂ ಮಣ್ಣು ತುಳಿಯುತ್ತಿದ್ದರು. ವಾಸ್ತುಶಾಂತಿಯ ದಿನ ಗೌಂಡಿಗೆ ರುಮಾಲು ಸುತ್ತಿ ಆಹೇರ ಮಾಡಿದರೆ ಲೆಕ್ಕ ಚುಕ್ತಾ. ಯಾವ ಗೋಡೆಯೊಳಗೆ ಏನಿದೆಯೆಂದು ಯಜಮಾನನಿಗೆ ಗೊತ್ತಿರುತ್ತಿತ್ತು.

1993ರ ಸೆಪ್ಟೆಂಬರ್ 30. ಗಣಪತಿ ಕಳಿಸಿ ಮಲಗಿದ್ದ ಜನ. ನಸುಕಿನ 3 ಗಂಟೆ 56 ನಿಮಿಷಕ್ಕೆ ಇದೇ ಸೀಮೆಯ ಕಿಲ್ಲಾರಿ, ಸಾಸ್ತೂರು ಸುತ್ತ ಭೂಮಿ ನಡುಗಿತು. ಮಾಳಿಗೆಯ ಭಾರ, ಹಿಡಿತವಿಲ್ಲದ ಕಲ್ಲು ಜನರ ಮೇಲೆಯೇ ಕುಸಿದವು. ಸುಮಾರು 8,000 ಜೀವ ಹೋದವು.

ಆಮೇಲೆ ವಿಶ್ವಬ್ಯಾಂಕಿನ ನೆರವಿನಿಂದ ಸರ್ಕಾರ, ಜೊತೆಗೆ ದಾನಿಸಂಸ್ಥೆಗಳು ನಿಂತು 52 ಊರುಗಳನ್ನು ಬೇರೆ ಜಾಗಕ್ಕೆ ಒಯ್ದವು. ಭೂಹೀನರಿಗೆ 250 ಚದರ ಅಡಿಯ ಮನೆ, ದೊಡ್ಡ ಹಿಡುವಳಿದಾರರಿಗೆ 750. ಗಟ್ಟಿ ಮನೆಗಳೇ, ಕೊಟ್ಟವರ ಋಣ ದೊಡ್ಡದು. ಆದರೆ ಬಹಳ ಕಡೆ ಕೀಲಿಕೈ ಬಂದದ್ದು ಮನೆ ಮುಗಿದ ಮೇಲೆ. ಎಮ್ಮೆ ಕಟ್ಟುವುದೆಲ್ಲಿ, ಜೋಳದ ಚೀಲ ಇಡುವುದೆಲ್ಲಿ, ಬಾಣಂತಿಗೆ ಮರೆ ಎಲ್ಲಿ ಎಂದು ಮೊದಲೇ ಕೇಳಬೇಕಿತ್ತು. ಜನ ಆಮೇಲೆ ತಾವೇ ತಗಡಿನ ಶೆಡ್ಡು, ಕಾಂಪೌಂಡು ಕಟ್ಟಿಕೊಂಡರು.

ಪೂರ್ತಿ ಬೀಳದ ಮನೆಗಳ ದುರಸ್ತಿಯಲ್ಲಿ ಮಾತ್ರ ಹಳೆಯ ರೀತಿ ಮರಳಿತು. ಅಂಥ ಮನೆಗಳು ಲಕ್ಷಕ್ಕೂ ಮಿಕ್ಕಿ. ಹಣ ಕಂತುಕಂತಾಗಿ ಬ್ಯಾಂಕ್ ಖಾತೆಗೆ ಬಂತು. ಸಿಮೆಂಟು ತರುವುದು, ಗೌಂಡಿ ಹುಡುಕುವುದು ಮನೆಯವರ ಪಾಲು. ಇಂಜಿನಿಯರು ಹಂತಹಂತಕ್ಕೆ ನೋಡಿ ಹೋಗುತ್ತಿದ್ದರು. ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆಯ ಯತ್ನದಿಂದ ಊರ ಹೆಂಗಸರೇ ‘ಸಂವಾದ ಸಹಾಯಕ’ರಾಗಿ ಮನೆಮನೆಗೆ ಹೋದರು, ಭೂಕಂಪ ತಾಳುವ ಕಟ್ಟುವಿಕೆ ಹೇಗೆಂದು ತಾವು ಕಲಿತು, ನೆರೆಹೊರೆಯವರಿಗೂ ತಿಳಿಸಿದರು.